ಟಗರಿನ ಪರೀಕ್ಷೆ

ನಾರಿನ್,
ಜುಲೈ ೧೨

ಪ್ರೀತಿಯ ಅಮ್ಮ, ನನ್ನ ಅಪಾ,

ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ನೀನು, ಅಪ್ಪ, ಕುದುರೆಗಳು ಎಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ಅಲ್ಲಿಗೆ ಫೋನು ಸಿಗುವುದಿಲ್ಲ. ಸಿಕ್ಕಿದ್ದರೂ ಈ ಮಾತನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಅತ್ತುಬಿಡುತ್ತಿದ್ದೆ. ನಾನು ಬಸುರಿ, ಅಪಾ. ನಾಲ್ಕನೇ ತಿಂಗಳು.

ಚಳಿಗಾಲದಲ್ಲಿ ಹಲ್ಲುನೋವೆಂದು ಬಿಷ್ಕೆಕ್‌ಗೆ ಓಡಾಡಿದೆನಲ್ಲ, ಅದು ಸುಳ್ಳು. ನನ್ನ ಹಲ್ಲು ಗಟ್ಟಿಯಾಗೇ ಇವೆ. ಹೋಗುತ್ತಿದ್ದದ್ದು ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ.

ಇಷ್ಟು ವರ್ಷ ನೀನು ನನ್ನನ್ನು ಮುಳುಗಿಸದ ಪುಣ್ಯದ ಬುಗ್ಗೆಯಿಲ್ಲ. ನನ್ನ ಗಂಡ ತಾಲಾಯ್‌ನ ಸೋದರತ್ತೆ ಬಾತ್ಮಾ ಬಂದಾಗಲೆಲ್ಲ ನನ್ನ ಹೊಟ್ಟೆಯನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಹೋದ ಸೆಪ್ಟೆಂಬರಿನಲ್ಲಿ ಚಹಾಕ್ಕೆ ಬಂದವರು ನನ್ನೆದುರೇ, ಇವಳನ್ನು ತೌರಿಗೆ ಕಳಿಸಿ ಹುಡುಗನಿಗೆ ಬೇರೆ ಹೆಣ್ಣು ನೋಡಿ ಅಂದರು. ತಾಲಾಯ್ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಲೇ ಇದ್ದ. ನಾನು ಮನಸ್ಸಿನಲ್ಲೇ ಬಟ್ಟೆಬರೆ ಕಟ್ಟಿಯಾಗಿತ್ತು.

ಆಗ ನಮ್ಮತ್ತೆ ಚಹಾದ ಬಟ್ಟಲು ಕೆಳಗಿಟ್ಟರು. ಹಿಂದೆ ಸಾಮೂಹಿಕ ಫಾರಮ್ಮಿನಲ್ಲಿ ಕುರಿಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ಕೆಲಸ ಅವರದು. ಮನೆಯಲ್ಲಿ ಅದರ ಮಾತನ್ನು ಎಂದೂ ಎತ್ತಿದವರಲ್ಲ.

"ನೋಡು ಬಾತ್ಮಾ, ನಮ್ಮ ಫಾರಮ್ಮಲ್ಲಿ ಕುರಿ ಗಬ್ಬ ಕಟ್ಲಿಲ್ಲ ಅಂದ್ರೆ ಮೊದ್ಲು ಟಗರನ್ನ ಪರೀಕ್ಷೆ ಮಾಡ್ತಿದ್ವಿ," ಅಂದರು. ಆಮೇಲೆ ಮಗನ ಕಡೆ ತಿರುಗಿ, "ಸೋಮವಾರ ಹೋಗಿ ಬಾ," ಅಂದರು.

ಬಾತ್ಮಾ ಅವರಿಗೆ ಚಹಾ ನೆತ್ತಿಗೇರಿತು. ತಾಲಾಯ್ ಕೂಗಾಡಿದ, ಬಾಗಿಲು ಧಡಾರನೆ ಎಳೆದುಕೊಂಡು ಹೋದ. ಆದರೂ ಸೋಮವಾರ ಬಸ್ ಹತ್ತಿದ. ಕೊರತೆ ಇದ್ದದ್ದು ಅವನಲ್ಲೇ, ಅಪಾ. ವೀರ್ಯಾಣು ತೀರಾ ಕಡಿಮೆ, ಇದ್ದವೂ ಸೋಮಾರಿಗಳು. ನನ್ನಲ್ಲಿ ಏನೂ ತೊಂದರೆಯಿರಲಿಲ್ಲ.

ವರದಿ ಬಂದ ಮೇಲೆ ಅವನು ಮನೆಗೇ ಬರಲಿಲ್ಲ, ಕೆಲಸ ಮಾಡುವ ಗ್ಯಾರೇಜಿನಲ್ಲೇ ಮಲಗತೊಡಗಿದ. ಬಿಟ್ಟುಹೋದನೆಂದೇ ಅಂದುಕೊಂಡೆ. ಒಂದು ಮಧ್ಯಾಹ್ನ ಒಣ ಏಪ್ರಿಕಾಟ್ ಪೊಟ್ಟಣ ಹಿಡಿದು ಬಂದು ನನ್ನ ಪಕ್ಕ ಕೂತ. "ಇಷ್ಟು ವರ್ಷ ಎಲ್ರೂ ನಿನ್ನನ್ನೇ ಅಂದ್ರು. ನಾನು ಸುಮ್ನೆ ಕೂತು ಕೇಳಿಸ್ಕೊಂಡೆ," ಅಂದ. ಇಬ್ಬರೂ ಸೇರಿ ಏಪ್ರಿಕಾಟ್ ಖಾಲಿ ಮಾಡಿದೆವು.

ಬಿಷ್ಕೆಕ್‌ಗೆ ಅತ್ತೆಯೂ ಬಂದರು. ನನ್ನ ಅಂಡಾಣು ಬೆಳೆಯಲೆಂದು ದಿನಾ ಸೂಜಿ ಚುಚ್ಚಬೇಕಿತ್ತು. ತಾಲಾಯ್ ತಾನೇ ಚುಚ್ಚುತ್ತೇನೆಂದು ಹಟ ಹಿಡಿದು, ಮೊದಲ ಸಲ ನನಗಿಂತ ಮೊದಲು ತಾನೇ ಕಣ್ಣು ಮುಚ್ಚಿಕೊಂಡ. ಡಾಕ್ಟರು ಗುಲ್ಸಾರಾ ನಗುಮೊಗದವರು. ಅವನ ವೀರ್ಯಾಣುಗಳಲ್ಲಿ ಚುರುಕಾದದ್ದನ್ನು ಆರಿಸಿ, ಕೂದಲಿಗಿಂತ ಸಣ್ಣ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುತ್ತೇವೆಂದು ಪರದೆಯ ಮೇಲೆ ತೋರಿಸಿದರು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, ನಮ್ಮ ಟಗರುಗಳವು ಇದಕ್ಕಿಂತ ಚುರುಕಾಗಿರುತ್ತಿದ್ದವು ಎಂದರು. ತಾಲಾಯ್‌ನ ಕಿವಿ ಬೀಟ್‌ರೂಟ್ ಆಯಿತು. ಡಾಕ್ಟರು ನಗು ತಡೆಯಲಾಗದೆ ಮೂಗಿಗೆ ಕೈ ಅಡ್ಡ ಹಿಡಿದರು.

ಮೊದಲ ಸಲ ನಿಲ್ಲಲಿಲ್ಲ. ಮುಟ್ಟಾದ ದಿನ ಕುರಿ ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ. ಅತ್ತೆ ಹುಡುಕಿಕೊಂಡು ಬಂದು ಹುಲ್ಲಿನ ಮೇಲೆ ಪಕ್ಕದಲ್ಲೇ ಕೂತರು. ನಾನು, ಇನ್ನು ನನ್ನನ್ನು ತೌರಿಗೆ ಕಳಿಸಿಬಿಡಿ ಅಂದೆ.

"ಹೋಗಿ ಬಾ, ಅಮ್ಮನ ಕೈಯಡುಗೆ ಉಂಡು ಬಾ," ಅಂದರು. "ಆದ್ರೆ ಮಗು ಆದ್ರೂ, ಆಗ್ದಿದ್ರೂ ಇದು ನಿನ್ ಮನೆ ಕಣೇ. ಬೇಕಾದ್ರೆ ಅವನು ಹೋಗ್ಲಿ."

ಹೆಪ್ಪುಗಟ್ಟಿಸಿ ಇಟ್ಟಿದ್ದ ಇನ್ನೊಂದು ಭ್ರೂಣವನ್ನು ವಸಂತದಲ್ಲಿ ಒಳಗಿಟ್ಟರು. ಅದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಎದೆಬಡಿತ ಕೇಳಿಸಿದಾಗ ಓಡುವ ಕುದುರೆಯ ಸದ್ದಿನಂತಿತ್ತು. ತಾಲಾಯ್ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅತ್ತೆ ಮಾತ್ರ, ಇನ್ನೊಂದು ಸಲ ಕೇಳಿಸಿ ಎಂದು ಡಾಕ್ಟರನ್ನು ಪೀಡಿಸುತ್ತಿದ್ದರು.

ನನಗೀಗ ಮಾಂಸದ ವಾಸನೆ ಆಗದು, ಕುದುರೆ ಹಾಲು ಹುದುಗಿಸಿ ನೀನು ಮಾಡುವ ಹುಳಿ ಕುಮಿಸ್ ಮಾತ್ರ ಬೇಕೆನಿಸುತ್ತದೆ. ಅದನ್ನು ಡಾಕ್ಟರು ಬೇಡವೆಂದಿದ್ದಾರೆ. ಹಾಗಾಗಿ ಗಿಣ್ಣು ಕಳಿಸು, ಅಪ್ಪನಿಗೆ ವಿಷಯ ನೀನೇ ಹೇಳು. ಕುದುರೆ ಹತ್ತಿದ್ದಾಗ ಹೇಳಬೇಡ.

ನಿನ್ನ ಮಡಿಲಲ್ಲಿ ತಲೆಯಿಟ್ಟು,
ನಿನ್ನ ಮಗಳು
ಮೀರಿಮ್

ಮರೆತಿದ್ದೆ: ಈ ಪತ್ರ ತಂದ ಲಾರಿಯ ಸೊರೊನ್‌ಬಾಯ್‌ಗೆ ಹೊಟ್ಟೆ ತುಂಬ ಊಟ ಹಾಕು, ಆದರೆ ಮಕ್ಕಳೆಷ್ಟು ಎಂದು ಕೇಳಬೇಡ. ತಾಲಾಯ್ ಗ್ಯಾರೇಜಿನಲ್ಲಿ ಎಲ್ಲರೆದುರು, ಕೊರತೆ ನನ್ನಲ್ಲೇ ಇತ್ತು ಎಂದು ಹೇಳಿಬಿಟ್ಟ. ಅಂದು ಸಂಜೆಯೇ ಈ ಸೊರೊನ್‌ಬಾಯ್ ಆಸ್ಪತ್ರೆಯ ವಿಳಾಸ ಕೇಳಿಕೊಂಡು ಬಂದ. ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಹೊರಟಿದ್ದಾರೆ. ನಮ್ಮತ್ತೆಯೂ ಜೊತೆಗೆ ಹೋಗುತ್ತಾರಂತೆ, ಅವರನ್ನು ಯಾರೂ ಕರೆದಿಲ್ಲ.