ಬುದ್ಧಿಹಲ್ಲಿನ ಸಾಕ್ಷಿ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಚಿನ್ನಿ,

ಹೇಗಿದ್ದೀಯ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಪಾತ್ರೆ ತೊಳೆಯಲು ಹೇಳಿದಾಗ ಮಾತ್ರ ಬರುತ್ತದೆ, ವಾಕಿಂಗಿಗೆ ಹೊರಟ ಕೂಡಲೇ ಮಾಯವಾಗುತ್ತದೆ. ನೀನು ಮೆಸೇಜು ಕಳಿಸಿ ಹನ್ನೆರಡು ದಿನವಾಯಿತು. "ಅಮ್ಮ, ನನಗೆ ಒಂದು ಮಾತು ಮೊದಲೇ ಹೇಳಬಹುದಿತ್ತು" ಎಂದಷ್ಟೇ ಇತ್ತು ಅದರಲ್ಲಿ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವವರೇ. ಕಾಗದವಾದರೆ ನಾನು ಮುಗಿಸುವವರೆಗೆ ನೀನು ಸುಮ್ಮನೆ ಓದಲೇಬೇಕು, ಬೇರೆ ದಾರಿಯಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವಲಸೆ ಕಾಯ್ದೆಯ ಕರಡಿನ ಮೇಲೆ ಸಮಿತಿ ನಡೆಸಿದ ವಿಚಾರಣೆಯಲ್ಲಿ ನಾನು ಆಡಿದ ಮಾತಿಗೆ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಆಡಿದ್ದರಲ್ಲಿ ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ನಿನಗೆ ಯಾಕೆ ಮೊದಲೇ ಹೇಳಲಿಲ್ಲ ಎನ್ನುವುದನ್ನು ಮಾತ್ರ ಹೇಳಬೇಕು.

ಡಿಸೆಂಬರ್ ಕೊನೆಯಲ್ಲಿ ನೀನು ರಜೆಗೆ ಬಂದಿದ್ದೆಯಲ್ಲ, ಆ ಊಟದ ಮೇಜು ನೆನಪಿದೆಯೇ? ಹೊಸ ವಲಸೆ ಕಾಯ್ದೆಯ ಕರಡು ನಿನ್ನ ಟೇಬಲ್ಲಿಗೆ ಬಂದಿದೆ ಎಂದು ಹೇಳಿದ್ದೆ. "ಅಮ್ಮ, ಮೂವತ್ತು ವರ್ಷದವರು ಹದಿನೇಳು ಅಂತ ಹೇಳ್ಕೊಂಡು ಬರ್ತಾರೆ. ಅವರನ್ನ ಮಕ್ಕಳ ಹಾಸ್ಟೆಲಲ್ಲಿ ಮಕ್ಕಳ ಪಕ್ಕ ಮಲಗಿಸೋಕಾಗುತ್ತಾ? ಎಲ್ಲಾದ್ರೂ ಒಂದು ಗೆರೆ ಎಳೀಲೇಬೇಕಲ್ಲ" ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ಈಗಲೂ ಅದನ್ನು ಸುಳ್ಳು ಎನ್ನುವುದಿಲ್ಲ. ಜನವರಿಯಲ್ಲಿ ಕರಡು ಅಚ್ಚಾದ ದಿನ ನೀನೇ ಫೋನು ಮಾಡಿ, "ಅನುಬಂಧದಲ್ಲಿ ನಿನ್ನ ಹೆಸರಿದೆ, ನೋಡು" ಎಂದು ಕುಣಿದಾಡಿದೆ. ಒಂಬತ್ತನೆಯ ಕಲಮು: ಆಶ್ರಯ ಕೋರಿ ಬಂದವರ ಬಳಿ ದಾಖಲೆ ಇಲ್ಲದಿದ್ದರೆ ಬುದ್ಧಿಹಲ್ಲಿನ ಎಕ್ಸ್‌ರೇ ನೋಡಿ ದಂತವೈದ್ಯರು ಕೊಟ್ಟ ವಯಸ್ಸೇ ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಅದಕ್ಕೆ ಆಧಾರ, ಇಲಾಖೆಯ ಪಟ್ಟಿಯಲ್ಲಿ ಒಂಬತ್ತು ವರ್ಷದಿಂದಿರುವ ಹಿರಿಯ ದಂತವೈದ್ಯೆಯ ವರದಿಗಳು. ಅಂದರೆ ನಾನು. ಅವತ್ತು ನಾನು ಎಷ್ಟು ಉಬ್ಬಿಹೋಗಿದ್ದೆ ಎಂದರೆ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಚಾಕಲೇಟು ಹಂಚಿದೆ. ಹಲ್ಲಿನ ಡಾಕ್ಟರು ಚಾಕಲೇಟು ಹಂಚುವುದನ್ನು ಕಂಡು ನಮ್ಮ ನರ್ಸಮ್ಮ, "ಮೇಡಂ, ಗಿರಾಕಿ ಕಮ್ಮಿಯಾದ್ರಾ?" ಎಂದು ಕೇಳಿದಳು.

ಅದಾದ ಮೂರನೆಯ ವಾರ ಒಬ್ಬ ಹೆಂಗಸು ಬಂದಳು. ನಲವತ್ತೈದರ ಆಸುಪಾಸು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸವಂತೆ; ಬೆರಳ ತುದಿಗಳೆಲ್ಲ ಸುಟ್ಟು ನುಣುಪಾಗಿದ್ದವು. ಎಲ್ಲರಂತೆ ಚೀಟಿ ಬರೆಸಿ, ಎಲ್ಲರಂತೆ ಸರದಿಯಲ್ಲಿ ಕೂತು, ಕುರ್ಚಿಗೆ ಒರಗಿ ಬಾಯಿ ತೆರೆದಳು. ದೀಪ ತಿರುಗಿಸಿ ನೋಡಿದೆ. ಒಂದೂ ಹುಳುಕಿಲ್ಲ. "ಎಲ್ಲಿ ನೋವು?" ಎಂದೆ. ಅವಳು ಬಾಯಿ ಮುಚ್ಚಿಕೊಂಡು ಎದ್ದು ಕೂತಳು.

"ನನ್ನ ಹಲ್ಲು ಚೆನ್ನಾಗಿದೆ ಡಾಕ್ಟ್ರೇ. ನಿಮ್ಮ ಹೆಸರು ಪೇಪರಲ್ಲಿ ನೋಡಿದೆ. ಐದು ವರ್ಷದಿಂದ ಆ ಸಹಿ ಯಾರದು ಅಂತ ಓದೋಕಾಗಿರಲಿಲ್ಲ. ಈಗ ಗೊತ್ತಾಯ್ತು. ಇದನ್ನ ನೋಡಿ" ಎಂದು ಚೀಲದಿಂದ ಎರಡು ಕಾಗದ ತೆಗೆದು ನನ್ನ ಕೈಗಿಟ್ಟಳು.

ಒಂದು ನಾನೇ ಬರೆದ ವರದಿ. ಐದು ವರ್ಷದ ಹಿಂದಿನದು. ಹೆಣ್ಣು, ದಾಖಲೆ ಇಲ್ಲ, ತಾನು ಹೇಳಿಕೊಂಡ ವಯಸ್ಸು ಹದಿನಾರು. ಕೆಳಗೆ ಎರಡು ಚೌಕ: ಹದಿನೆಂಟಕ್ಕಿಂತ ಕಡಿಮೆ, ಹದಿನೆಂಟು ತುಂಬಿದೆ. ಎರಡನೆಯದಕ್ಕೆ ನನ್ನ ಟಿಕ್ಕು. ಇನ್ನೊಂದು ಕಾಗದ ಅವರ ಊರಿನ ಶಾಲೆಯ ದಾಖಲಾತಿ ಪುಸ್ತಕದ ನಕಲು, ಮೊಹರು ಸಮೇತ. ಲೆಕ್ಕ ಹಾಕಿದೆ. ನಾನು ಸಹಿ ಮಾಡಿದ ದಿನ ಆ ಹುಡುಗಿಗೆ ಹದಿನಾರು ವರ್ಷ ಎರಡು ತಿಂಗಳು.

ಈ ಹೆಂಗಸು ಅವಳ ಚಿಕ್ಕಮ್ಮ. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಗಿದೆ, ಕಾಗದಪತ್ರ ಎಲ್ಲ ಸರಿಯಿದೆ. ಅಲ್ಲಿ ಹುಡುಗಿಯ ಇಬ್ಬರು ಅಣ್ಣಂದಿರನ್ನು ಬಂದೂಕಿನವರು ಮನೆಯಿಂದ ಎಳೆದುಕೊಂಡು ಹೋಗಿದ್ದರಂತೆ. ಅವಳು ಚಿಕ್ಕಮ್ಮನ ವಿಳಾಸವೊಂದನ್ನೇ ಬಾಯಿಪಾಠ ಮಾಡಿಕೊಂಡು ಹೊರಟು ಬಂದಳು. ಹದಿನೆಂಟಾಗಿಲ್ಲ ಎಂದಿದ್ದರೆ ಹಾಸ್ಟೆಲು, ಶಾಲೆ, ಒಬ್ಬ ಪೋಷಕರು. ನನ್ನ ಟಿಕ್ಕಿನಿಂದಾಗಿ ದೊಡ್ಡವರ ಡಾರ್ಮಿಟರಿ, ದೊಡ್ಡವರ ಫೈಲು. ಶಾಲೆಯ ಪುಸ್ತಕ ಹುಡುಕಿ ನಕಲು ಕಳಿಸಲು ಅವರ ಮೇಷ್ಟ್ರಿಗೆ ಎರಡು ತಿಂಗಳು ಹಿಡಿಯಿತು. ನಮ್ಮವರಿಗೆ ಫೈಲು ಮುಚ್ಚಲು ಹತ್ತೊಂಬತ್ತು ದಿನ ಸಾಕಾಯಿತು. ಬಸ್ಸಿನಲ್ಲಿ ಕೂರಿಸಿ ಗಡಿ ದಾಟಿಸಿದರು. ಯಾರದೋ ಫೋನಿನಿಂದ ಒಮ್ಮೆ ಮಾತಾಡಿದಳಂತೆ: "ಚಿಕ್ಕಮ್ಮ, ಇಳಿಸಿದ್ರು." ಆಮೇಲೆ ಇಲ್ಲ. ಐದು ವರ್ಷ, ಚಿನ್ನಿ, ಒಂದು ಸುದ್ದಿಯೂ ಇಲ್ಲ.

"ನನ್ನಿಂದ ಏನಾಗಬೇಕು ಹೇಳಮ್ಮ" ಎಂದೆ.

"ಏನೂ ಬೇಡ. ಅವಳು ಸುಳ್ಳಿ ಅಂತ ಫೈಲಲ್ಲಿ ಬರೆದಿದ್ದಾರೆ. ಅವಳಿಗೆ ಹದಿನಾರು ಅಂತ ನೀವು ಬಾಯಿಬಿಟ್ಟು ಹೇಳಬೇಕು. ನಾಲ್ಕು ಜನರ ಮುಂದೆ. ನನ್ನ ಕಿವಿಯಲ್ಲಿ ಹೇಳಿದ್ರೆ ಆಗಲ್ಲ."

ನಿನಗೆ ಮೊದಲೇ ಹೇಳದೆ ಇರಲು ಇದೇ ಕಾರಣ. ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ನಿನ್ನನ್ನು ಹೆತ್ತವಳು ನಾನು. ಅಮ್ಮನ ಮಾನ ಉಳಿಸಲು ಸದ್ದಿಲ್ಲದೆ ನನ್ನ ಹೆಸರು ತೆಗೆದು, ಇನ್ನೊಬ್ಬ ದಂತವೈದ್ಯರ ಹೆಸರು ಸೇರಿಸಿ, ಕಲಮನ್ನು ಇದ್ದ ಹಾಗೇ ನಿಲ್ಲಿಸುತ್ತಿದ್ದೆ. ಪ್ರೀತಿಯಿಂದಲೇ ಮಾಡುತ್ತಿದ್ದೆ. ಅದು ನನಗೆ ಬೇಡವಾಗಿತ್ತು.

ವಿಚಾರಣೆಯ ದಿನ ಸಭಾಂಗಣದ ಮುಂದೆ ಜಾತ್ರೆಯಂಥ ಜನ. ರಸ್ತೆಯ ಒಂದು ಬದಿಯಲ್ಲಿ "ಬಾಗಿಲು ಮುಚ್ಚಿ" ಎನ್ನುವವರು, ಇನ್ನೊಂದು ಬದಿಯಲ್ಲಿ "ತೆರೆಯಿರಿ" ಎನ್ನುವವರು, ಮಧ್ಯೆ ಪೊಲೀಸರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಮುಚ್ಚಿ ಎನ್ನುವ ಕಡೆಯಿಂದ ಒಬ್ಬ ದೊಡ್ಡ ಬೋರ್ಡು ಹಿಡಿದುಕೊಂಡು ಓಡಿ ಬಂದ. ಬೈಯುತ್ತಾನೇನೋ ಎಂದುಕೊಂಡೆ. "ಡಾಕ್ಟ್ರೇ, ಗುರುತು ಸಿಗಲಿಲ್ವಾ? ನನ್ನ ದವಡೆ ಹಲ್ಲು ಕಿತ್ತಿದ್ರಲ್ಲ!" ಎಂದು ಬಾಯಿ ಅಗಲಿಸಿ ತೋರಿಸಿದ. ಗಾಯ ಚೆನ್ನಾಗಿ ಮಾಗಿತ್ತು. ಮನೆಗಾಗಿ ಆರು ವರ್ಷದಿಂದ ಸರ್ಕಾರಿ ಪಟ್ಟಿಯಲ್ಲಿ ಕಾಯುತ್ತಿದ್ದಾನಂತೆ. "ನೀವು ನಮ್ಮ ಕಡೆ ತಾನೇ?" ಎಂದ. "ಒಳಗೆ ಬಂದು ಕೇಳಪ್ಪ, ಆಮೇಲೆ ನೀನೇ ಹೇಳು" ಎಂದೆ. ಪಾಪ, ನಿಜವಾಗಿಯೂ ಬೋರ್ಡು ಗೋಡೆಗೆ ಒರಗಿಸಿ ಒಳಗೆ ಬಂದು ಕೂತ.

ಉಳಿದದ್ದಕ್ಕೆ ನೀನೇ ಸಾಕ್ಷಿ. ಅಧ್ಯಕ್ಷೆಯ ಹಿಂದಿನ ಸಾಲಿನಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಆ ಹುಡುಗಿಯ ವರದಿ ಓದಿ, ಶಾಲೆಯ ಪುಸ್ತಕದ ನಕಲು ಓದಿ, "ಅವಳಿಗೆ ಹದಿನಾರು. ಅವಳು ನಿಜ ಹೇಳಿದ್ದಳು. ಸುಳ್ಳು ಬರೆದವಳು ನಾನು" ಎಂದಾಗ ನೀನು ತಲೆ ತಗ್ಗಿಸಿದೆ. ಮತ್ತೆ ಎತ್ತಲಿಲ್ಲ. ಹಾಗಾಗಿ ಗ್ಯಾಲರಿಯಲ್ಲಿ ಲಾಂಡ್ರಿಯ ಆ ಹೆಂಗಸು ಎದ್ದು ನಿಂತದ್ದನ್ನು ನೀನು ನೋಡಿರಲಾರೆ. ಅವಳು ಅಳಲಿಲ್ಲ, ಕೂಗಲಿಲ್ಲ. ನಾನು ಹೇಳಿ ಮುಗಿಸುವ ತನಕ ನಿಂತೇ ಇದ್ದಳು.

ಆ ದಪ್ಪ ಮೀಸೆಯ ಸದಸ್ಯರು ನನ್ನ ಮೇಲೆ ಏರಿಬಂದದ್ದಂತೂ ನೆನಪಿರಲೇಬೇಕು. "ಹಾಗಾದ್ರೆ ಯಾರು ಬೇಕಾದ್ರೂ ಬಂದು ನನಗೆ ಹದಿನಾರು ಅಂದುಬಿಡಬಹುದಾ?"

"ಅನ್ನಬಹುದು. ಅನ್ನೋವರು ಇದ್ದಾರೆ. ಅಂಥವರನ್ನ ನಾನೇ ಹಿಡಿದಿದ್ದೀನಿ. ಅವರನ್ನ ಕೂರಿಸಿ ಮಾತಾಡಿಸಿ, ಅವರ ಊರಿಗೆ ಬರೆದು ಕೇಳಿ, ಕಾಯಿರಿ. ಹಲ್ಲು ಎರಡು ಮೂರು ವರ್ಷ ಹಿಂದೆ ಮುಂದೆ ಹೇಳುತ್ತೆ, ಸ್ವಾಮಿ. ಅದನ್ನ ಅಂತಿಮ ಅಂತ ಬರೆಯೋಕೆ ನನ್ನ ಹೆಸರು ಉಪಯೋಗಿಸಬೇಡಿ."

"ವಿಜ್ಞಾನದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ನಿಮಗೆ ಬುದ್ಧಿಹಲ್ಲು ಬಂದಿದೆಯಾ?" ಎಂದು ಕೇಳಿದೆ. ಅವರು ತಬ್ಬಿಬ್ಬಾಗಿ, ಇಲ್ಲ, ತಮ್ಮ ಮನೆತನದಲ್ಲೇ ಯಾರಿಗೂ ಬರುವುದಿಲ್ಲ ಎಂದರು. "ಹಾಗಾದ್ರೆ ಈ ಕಲಮಿನ ಪ್ರಕಾರ ನೀವಿನ್ನೂ ಮೈನರು. ಓಟು ಹಾಕೋಕೆ ಬರಲ್ಲ" ಎಂದೆ. ಇಡೀ ಸಭಾಂಗಣ ನಕ್ಕಿತು. ಬೋರ್ಡಿನವನಂತೂ ಬೆಂಚು ಬಡಿದು ನಕ್ಕ. ನೀನೂ ತುಟಿ ಕಚ್ಚಿಕೊಂಡೆ ಎಂದು ಗ್ಯಾಲರಿಯಲ್ಲಿ ಕೂತಿದ್ದ ನಿಮ್ಮಪ್ಪ ಆಣೆ ಮಾಡಿ ಹೇಳುತ್ತಾರೆ, ನನಗೆ ಕಾಣಲಿಲ್ಲ.

ಇನ್ನು ಇಲ್ಲಿಯ ಸುದ್ದಿ. ವಿಚಾರಣೆಯಾದ ನಾಲ್ಕನೆಯ ದಿನ ಇಲಾಖೆಯಿಂದ ಕಾರಣ ಕೇಳಿ ನೋಟಿಸು ಬಂತು. ಸರ್ಕಾರದ ಪಟ್ಟಿಯಲ್ಲಿದ್ದುಕೊಂಡು ಸರ್ಕಾರಕ್ಕೆ ಮುಜುಗರ ತಂದದ್ದೇಕೆ ಎಂದು ಏಳು ದಿನದಲ್ಲಿ ತಿಳಿಸಬೇಕಂತೆ. ಏಳು ದಿನವೇಕೆ? ಸಂಜೆಯೊಳಗೆ ತಿಳಿಸಿದೆ. ಶಾಲೆಯ ಪುಸ್ತಕದ ನಕಲನ್ನು ಲಗತ್ತಿಸಿ, "ಕಾರಣ ಇದು" ಎಂದು ಎರಡು ಪದ ಬರೆದು, ಪಟ್ಟಿಯ ಗುರುತಿನ ಚೀಟಿಯನ್ನೂ ಅದೇ ಲಕೋಟೆಗೆ ಹಾಕಿದೆ. ಪಟ್ಟಿಯಲ್ಲಿರುವ ಉಳಿದ ದಂತವೈದ್ಯರಿಗೆಲ್ಲ ಫೋನು ಮಾಡಿದೆ. ಕೆಲವರು ಫೋನೇ ಎತ್ತಲಿಲ್ಲ. ಒಬ್ಬರು, "ನಿಮಗೇನು ಮೇಡಂ, ವಯಸ್ಸಾಯ್ತು, ನಮಗೆ ಇನ್ನೂ ಸಂಸಾರ ಇದೆ" ಎಂದರು. ಆದರೂ ಹನ್ನೊಂದು ಜನ ಸಹಿ ಹಾಕಿದ್ದಾರೆ: ಅಂತಿಮ ಎಂಬ ಪದ ಇರುವವರೆಗೆ ಆ ಎಕ್ಸ್‌ರೇಗಳನ್ನು ನಾವು ಓದುವುದಿಲ್ಲ. ನೋಡೋಣ, ಇಪ್ಪತ್ತಾರು ಜನರಲ್ಲಿ ಹನ್ನೊಂದು ಜನರನ್ನು ಹೇಗೆ ಬದಲಾಯಿಸುತ್ತಾರೋ.

ನಿಮ್ಮಪ್ಪ ದಿನವಿಡೀ ಪತ್ರಿಕೆಗಳನ್ನು ಹರಡಿಕೊಂಡು ಕೂತಿರುತ್ತಾರೆ. "ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಮಗಳು. ಕೊನೆಗೆ ನಾನೇ ಯಾವುದಾದ್ರೂ ದೇಶಕ್ಕೆ ಹೋಗಿ ಆಶ್ರಯ ಕೇಳಬೇಕು" ಎನ್ನುತ್ತಾರೆ. ಭೂಗೋಳದ ಮೇಷ್ಟ್ರಾಗಿ ಮೂವತ್ತು ವರ್ಷ ಗಡಿಗೆರೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮನುಷ್ಯ. ಮೊನ್ನೆ ಸುಮ್ಮನೆ ಕೂತಿದ್ದವರು, "ಗಡಿ ಎಳೀರಿ ಅಂತ ಮಕ್ಕಳಿಗೆ ಬರೀ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸ್ತಿದ್ದೆ ಕಣೇ" ಎಂದು ಎದ್ದು ಹೋದರು.

ಒಂಬತ್ತನೆಯ ಕಲಮನ್ನು ಮರುಕರಡಿಗೆ ಕಳಿಸಿದ್ದಾರೆ ಎಂದು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ಅಂದರೆ ಅದು ಈಗ ಮತ್ತೆ ನಿನ್ನ ಟೇಬಲ್ಲಿನ ಮೇಲಿದೆ. ಹೇಗೆ ಬರೆಯಬೇಕೆಂದು ನಿನಗೆ ನಾನು ಹೇಳಿಕೊಡುವುದಿಲ್ಲ. ಅದು ನಿನ್ನ ಕೆಲಸ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮೇಲಿನವರು ನಿನ್ನ ಮೇಲೆ ಕಣ್ಣಿಟ್ಟಿರುತ್ತಾರೆ ಎನ್ನುವುದೂ ಗೊತ್ತು; ಅವಳ ಮಗಳು ಎಂದು ಆಡಿಕೊಳ್ಳುತ್ತಿರಬಹುದು. ಆಡಿಕೊಳ್ಳಲಿ. ಆದರೆ ಅಂತಿಮ ಎಂಬ ಆ ಪದವನ್ನು ನೀನು ಮತ್ತೆ ಅಲ್ಲೇ ಕೂರಿಸಿದರೆ ನಾನೂ ಮತ್ತೆ ಆ ಮೆಟ್ಟಿಲು ಹತ್ತಿ ಬಂದು ನಿನ್ನ ಎದುರಿನ ಕುರ್ಚಿಯಲ್ಲೇ ಕೂರುತ್ತೇನೆ. ಮಗಳು ಎಂದು ಬಿಡುವುದಿಲ್ಲ. ಮಗಳು ಎನ್ನುವುದನ್ನೂ ಬಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಾಜೀನಾಮೆ ಗೀಜೀನಾಮೆ ಎಂದು ತಲೆಗೆ ಬಂದರೆ ಎರಡು ದಿನ ತಡೆ. ಆ ಟೇಬಲ್ಲಿನ ಹಿಂದೆ ಇನ್ನೊಬ್ಬರು ಕೂರುವುದಕ್ಕಿಂತ ನೀನು ಕೂತಿರುವುದೇ ನನಗೆ ಧೈರ್ಯ. ನಿನ್ನ ಕೈಬರಹ ಚಿಕ್ಕಂದಿನಿಂದ ಗಟ್ಟಿ. ಅದು ಗಟ್ಟಿಯಾಗಿಯೇ ಇರಲಿ, ಬರೆದು ಮುಗಿಸಿದ ರಾತ್ರಿ ನಿನಗೆ ಕಣ್ತುಂಬ ನಿದ್ದೆ ಬರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ.

ನಿನ್ನ,
ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿದದ್ದು: ಅಂದು ಅಧ್ಯಕ್ಷೆ, "ಸಂಶಯವಿದ್ದರೆ ಎರಡನೆಯ ಎಕ್ಸ್‌ರೇ ತೆಗೆಸಬಹುದಿತ್ತಲ್ಲ?" ಎಂದು ಕೇಳಿದಾಗ, "ತೆಗೆಸಬೇಕಿತ್ತು" ಎಂದಷ್ಟೇ ಹೇಳಿ ಕೂತೆ. ಬುಧವಾರ ಮತ್ತೆ ಕರೆದಿದ್ದಾರೆ, ಆಗ ಪೂರ್ತಿ ಹೇಳುತ್ತೇನೆ. ಆ ಹುಡುಗಿಯನ್ನು ಕರೆತಂದದ್ದು ಜೂನ್ ಹತ್ತೊಂಬತ್ತರ ಬೆಳಿಗ್ಗೆ. ನೀನು ವಕೀಲಿ ಪದವಿ ತೆಗೆದುಕೊಂಡ ದಿನ. ಹನ್ನೊಂದೂವರೆಗೆ ರೈಲು. ನಿಮ್ಮಪ್ಪ ಟ್ಯಾಕ್ಸಿಯಲ್ಲಿ ಕೂತು ಹಾರ್ನು ಹೊಡೆಸುತ್ತಿದ್ದರು. ಬಲಗಡೆಯ ಬುದ್ಧಿಹಲ್ಲಿನ ಬೇರಿನ ತುದಿ ಇನ್ನೂ ಮುಚ್ಚಿಲ್ಲವೇನೋ, ಅಂದರೆ ಹದಿನೆಂಟಾಗಿಲ್ಲವೇನೋ ಎಂದು ಕಂಡಿತು. ಕಂಡಿತ್ತು, ಚಿನ್ನಿ. ಎರಡನೆಯ ಎಕ್ಸ್‌ರೇಗೆ ಅರ್ಧ ಗಂಟೆ ಬೇಕಿತ್ತು. ಟಿಕ್ಕು ಹಾಕಿ ಕೈ ತೊಳೆದುಕೊಂಡೆ. ಇದರಲ್ಲಿ ನಿನ್ನ ತಪ್ಪು ಕೂದಲೆಳೆಯಷ್ಟೂ ಇಲ್ಲ, ಇದನ್ನು ನಿನ್ನ ಮೇಲೆ ಹಾಕಿಕೊಳ್ಳಬೇಡ. ಅವಳು ಕುರ್ಚಿಯಿಂದ ಇಳಿಯುತ್ತಾ, ಭಾಷೆ ಬಾರದೆ, ಆಯಿತೇ ಎಂದು ಕೈಸನ್ನೆಯಲ್ಲಿ ಕೇಳಿದಳು. ನಿನ್ನನ್ನು ನೋಡುವ ಸಂಭ್ರಮದಲ್ಲಿದ್ದೆನಲ್ಲ, ನಗುನಗುತ್ತಾ ಅವಳ ಕೆನ್ನೆ ತಟ್ಟಿ, ಆಯಿತು ಎಂದೆ. ಅವಳೂ ನಕ್ಕಳು.