ತೆಳ್ಳನೆಯವರ ಹೆಪ್ಪು ಹತ್ತಲಿಲ್ಲ

ಗದಗ
ಫೆಬ್ರವರಿ ೩೦, ೨೪೧೨

ನಾಲ್ಕು ಶತಮಾನ ಹಿಂದಿನ ಮಹಾಜನರೇ, ನಮ್ಮ ಅಜ್ಜಂದಿರ ಅಜ್ಜಂದಿರೇ, ಶರಣು. ಫೆಬ್ರವರಿಗೆ ಮೂವತ್ತು ದಿನ ಕೊಟ್ಟವರು ನಾವೇ, ಬೆಚ್ಚಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮದೂ ನಮಗೆ ಹಾಗೆಯೇ ಕೇಳಿಸುತ್ತದೆ.

ನಾನು ಈರಸಂಗಪ್ಪ, ನಾಟಕ ಕಂಪನಿಯಲ್ಲಿ ರಾಜನ ಪಾತ್ರಧಾರಿ. ತೂಕ ನೂರಾ ನಲವತ್ತು ಕಿಲೋ. ನಾನು ಗುಡುಗಿದರೆ ಹಿಂದಿನ ಸಾಲಿನ ಕೂಸೂ ಅಳು ನಿಲ್ಲಿಸುತ್ತದೆ. ಇಂಥ ನಾನು, ರಕ್ತದಲ್ಲಿ ಸಕ್ಕರೆ ಏರಿ ಪಾದ ಜೋಮು ಹಿಡಿದು, ಹೋದ ದೀಪಾವಳಿಯ ನಾಟಕದಲ್ಲಿ ಕಿರೀಟಸಮೇತ ಮಂತ್ರಿಯ ಮೇಲೆ ಬಿದ್ದೆ. ಯುಗಾದಿಯೊಳಗೆ ಸಕ್ಕರೆ ಇಳಿಯದಿದ್ದರೆ ರಂಗ ಹತ್ತಕೂಡದೆಂದು ವೈದ್ಯೆ ಶಶಿರೇಖಾ ಅಪ್ಪಣೆ ಮಾಡಿದರು. ರಂಗ ಹೋದರೆ ನನ್ನಲ್ಲಿ ಉಳಿಯುವುದು ಬರೀ ತೂಕ.

ನಮ್ಮಲ್ಲಿ ಓಣಿಗೊಂದು ಹೆಪ್ಪುಮನೆ ಇದೆ. ಆರೋಗ್ಯವಂತರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಗುಳಿಗೆ ಮಾಡಿ, ಹಾಲಿಗೆ ಹೆಪ್ಪು ಹಾಕಿದಂತೆ, ಕಾಯಿಲೆಯವರ ಹೊಟ್ಟೆಗೆ ಹಾಕುತ್ತಾರೆ. ನನಗೆ ಓಟಗಾರರ ಹೆಪ್ಪು ಬಂತು, ಈಜುಗಾರರ ಹೆಪ್ಪು ಬಂತು. ಎಂಟೇ ದಿನಕ್ಕೆ ಎಲ್ಲವೂ ಸತ್ತವು. ವೈದ್ಯೆ ನನ್ನ ಹೊಟ್ಟೆಯನ್ನೇ ದೂರಿದರು.

ಜೊತೆಗೆ ಬಂದಿದ್ದ ಅಕ್ಕ ನೀಲಗಂಗವ್ವ ನನಗಿಂತ ಎರಡು ಕಿಲೋ ಹೆಚ್ಚು. ವಯಸ್ಸು ಎಪ್ಪತ್ತು, ಸಕ್ಕರೆಯ ಸುಳಿವಿಲ್ಲ. ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ವೈದ್ಯೆಗೆ ಅಂದಳು:

"ಬಾಯಾರ, ತೆಳ್ಳನ್ನ ಮಂದಿ ಹೆಪ್ಪಿಗೆ ನಮ್ಮ ಹೊಟ್ಟಿ ಅಂದ್ರ ಪರಊರು. ನಂದು ಹಾಕಿ ನೋಡ್ರಿ. ಅದು ನಲವತ್ತು ವರ್ಷ ಇಂಥಾ ಹೊಟ್ಯಾಗ ಬಾಳೇವು ಮಾಡೇತಿ."

ದಪ್ಪಗಿರುವವರ ಹೆಪ್ಪನ್ನು ಯಾವ ಹೆಪ್ಪುಮನೆಯೂ ಮುಟ್ಟುತ್ತಿರಲಿಲ್ಲ. ವೈದ್ಯೆ ನಕ್ಕರು, ಆದರೂ ಪರೀಕ್ಷಿಸಿದರು. ನಗು ಅಲ್ಲಿಗೇ ನಿಂತಿತು. ಬ್ಯಾಕ್ಟೀರಿಯಾದ ಪ್ರಭೇದ ಓಟಗಾರರಲ್ಲಿದ್ದದ್ದೇ, ಅದರ ಜೀನುಗಳು ಮಾತ್ರ ಬದಲಾಗಿದ್ದವು. ಅಕ್ಕ ತಿನ್ನುವ ಬೆಣ್ಣೆ, ಅವಳ ಪಿತ್ತ, ಕೊಬ್ಬು ಎಲ್ಲವನ್ನೂ ತಾಳಬಲ್ಲಂಥವು ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಉಳಿದು, ದಪ್ಪ ಮೈಗೇ ಒಗ್ಗಿ, ಅವಳ ಕರುಳಿನ ಗೋಡೆಗೆ ಕಾವಲು ನಿಂತಿದ್ದವು.

ಹಾಕಿದರು. ಹತ್ತಿತು. ಸಕ್ಕರೆ ಇಳಿಯಿತು, ಪಾದಕ್ಕೆ ನೆಲ ತಿಳಿಯಿತು. ತೂಕ ಇಳಿದದ್ದು ಮೂರೇ ಕಿಲೋ; ರಾಜನ ಅಂಗಿಗೆ ದರ್ಜಿ ಕತ್ತರಿ ತಾಗಿಸಬೇಕಾಗಲಿಲ್ಲ. ನಿನ್ನೆ ವೈದ್ಯೆ ರಂಗಕ್ಕೆ ಒಪ್ಪಿಗೆ ಕೊಟ್ಟರು.

ಇನ್ನು ನನ್ನ ವಿನಂತಿ. ನಿಮ್ಮ ಕಾಲದ ಸಂಶೋಧಕರು ಒಳ್ಳೆಯ ಬ್ಯಾಕ್ಟೀರಿಯಾ ಹುಡುಕುತ್ತ ಊರಿಗೆ ಬಂದಾಗ, ತೆಳ್ಳಗಿರುವವರನ್ನಷ್ಟೇ ಸಾಲಿನಲ್ಲಿ ನಿಲ್ಲಿಸಬೇಡಿ. ದಪ್ಪಗಿರುವ ಅಕ್ಕಂದಿರೇ, ನಾಚಿ ಹಿಂದೆ ಸರಿಯಬೇಡಿ, ಮುಂದೆ ಬಂದು ಹೆಸರು ಬರೆಸಿ. ನಮ್ಮ ಅಕ್ಕ ನಾಚಿದ್ದರೆ ನಾನು ಮನೆಯಲ್ಲಿರುತ್ತಿದ್ದೆ. ಈಗ ಯುಗಾದಿಯ ದಿನ ಪರದೆ ಎದ್ದಾಗ ಸಿಂಹಾಸನದ ಮೇಲೆ ನಾನಿರುತ್ತೇನೆ. ಎದುರಿಗೆ, ಮೊದಲ ಸಾಲಿನಲ್ಲಿ, ಎರಡು ಕುರ್ಚಿ ಹಿಡಿದು ಅವಳಿರುತ್ತಾಳೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗ,
ಈರಸಂಗಪ್ಪ