ಕೆಂಗೇರಿಯಲ್ಲಿ ಇಳಿಯದವಳು

ಹೊಸಹಳ್ಳಿ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮ,

ಕುಣಿಗಲ್ಲಿನಲ್ಲಿ ನೀನು, ಅಪ್ಪ ಹೇಗಿದ್ದೀರಿ? ಬರೆಯುತ್ತೇನೆಂದು ಹೇಳಿ ತಿಂಗಳಾಯಿತು, ಸಾರಿ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ “ಚೆನ್ನಾಗಿದೀನಿ” ಅಂದುಬಿಡುತ್ತದೆ. ಅದಕ್ಕೇ ಪೇಪರ್ ಹಿಡಿದೆ.

ಸುಮತ್ತೆ ತಮ್ಮ ಮನೆಯಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. “ಏನೇ, ಮುದ್ದೆ ಹಂಗೇ ಇದೆ? ಹಾಸ್ಟೆಲ್ ಸಾರು ಕುಡ್ದು ಕುಡ್ದು ನಾಲಿಗೆ ಸತ್ತೋಯ್ತಾ?” ಎಂದು ಬೈಯುತ್ತಲೇ ಇನ್ನೊಂದು ಸೌಟು ಹಾಕುತ್ತಾರೆ. ನುಂಗಲು ಆಗುವುದಿಲ್ಲ ಅಮ್ಮ.

ನಿಜ ಹೇಳುತ್ತೇನೆ. ಕಾಲೇಜಿಗೆಂದು ಮೆಟ್ರೋ ಹತ್ತುತ್ತೇನೆ. ಇಳಿಯಬೇಕಾದ ಕೆಂಗೇರಿಯಲ್ಲಿ ಬಾಗಿಲು ತೆರೆಯುತ್ತದೆ. ನನಗೆ ಏಳಲು ಆಗುವುದಿಲ್ಲ. ಬಾಗಿಲು ಮುಚ್ಚುತ್ತದೆ. ಕೊನೆಯ ಸ್ಟೇಷನ್ ಚಲ್ಲಘಟ್ಟಕ್ಕೆ ಹೋಗಿ, ವಾಪಸ್ ಬರುವ ಟ್ರೈನಿನಲ್ಲಿ ಕೂರುತ್ತೇನೆ. ಆಮೇಲೆ ಎಲ್ಲ ಹಗುರ. ತಾರಸಿಗಳ ಮೇಲೆ ಒಣಗುವ ಸೀರೆಗಳು, ತೆಂಗಿನ ತುದಿಗಳು, ಬಾಲ್ಕನಿಯಲ್ಲಿ ತಲೆ ಒರೆಸಿಕೊಳ್ಳುವ ಯಾರೋ ಆಂಟಿ, ಎಲ್ಲ ನಿದ್ದೆಯಲ್ಲಿ ಕಂಡಂತೆ ತೇಲಿಹೋಗುತ್ತವೆ. ಗಾಜಿನಲ್ಲಿ ನನ್ನ ಮುಖವೂ ಅವುಗಳ ಮೇಲೆ ತೇಲುತ್ತದೆ, ಬೇರೆ ಯಾರದೋ ಮುಖದ ಹಾಗೆ. ಆ ಹುಡುಗಿಗೆ ಇಂಟರ್ನಲ್ಸ್ ಇಲ್ಲ, ಲ್ಯಾಬ್ ಇಲ್ಲ. ಅವಳು ಎಲ್ಲಿಯೂ ಇಳಿಯಬೇಕಿಲ್ಲ.

ಮೊನ್ನೆ ಕ್ಲಾಸ್‌ಮೇಟ್ ಕೀರ್ತನಾ ಅದೇ ಬೋಗಿಯಲ್ಲಿದ್ದಳು. ಕೆಂಗೇರಿ ಬಂದಾಗ ನನ್ನ ಬ್ಯಾಗ್ ಕಿತ್ತುಕೊಂಡು ಇಳಿದೇಬಿಟ್ಟಳು. ಬ್ಯಾಗಿನ ಹಿಂದೆ ನಾನೂ ಇಳಿದೆ! “ಅಟೆಂಡೆನ್ಸ್ ಹಾಳಾಗೋಗ್ಲಿ ಕಣೇ. ನೀನೇ ಕಾಣೆ ಆಗ್ತಾ ಇದೀಯಲ್ಲ, ಬಾ,” ಎಂದು ಕಾಲೇಜಿನ ಕೌನ್ಸೆಲರ್ ಹತ್ತಿರ ಕರೆದೊಯ್ದಳು.

“ಹೇಗಿದೀಯಮ್ಮಾ?” ಎಂದರು ಮೇಡಂ.

“ಚೆನ್ನಾಗಿದೀನಿ ಮೇಡಂ. ಊಟ ಚೆನ್ನಾಗಿದೆ. ಓದು ಚೆನ್ನಾಗಿ ನಡೀತಿದೆ. ಮನೆಯವರಿಗೆಲ್ಲ ನನ್ನ ನಮಸ್ಕಾರ.”

ಹೌದಮ್ಮ, ನಮಸ್ಕಾರದವರೆಗೂ ಹೇಳಿಬಿಟ್ಟೆ. ಸ್ಕೂಲ್ ಹಾಸ್ಟೆಲ್ಲಿನಿಂದ ನಿನಗೆ ಪ್ರತಿ ಭಾನುವಾರ ಬರೆಯುತ್ತಿದ್ದದ್ದು ಅದೇ ಅಲ್ಲವೇ? ವಾರ್ಡನ್ ಮಿಸ್ ಓದಿ ಓಕೆ ಅಂದ ಮೇಲೇ ಕವರ್ ಅಂಟಿಸಬೇಕಿತ್ತು. ಬೇರೇನಾದರೂ ಬರೆದರೆ, “ಅಮ್ಮಂಗೆ ಟೆನ್ಷನ್ ಕೊಡ್ತೀಯಾ? ಇನ್ನೊಂದ್ ಸಲ ಬರಿ,” ಅನ್ನುತ್ತಿದ್ದರು.

ಮೇಡಂ ನಕ್ಕು, “ಇದನ್ನ ಯಾರಿಗೆ ಒಪ್ಪಿಸ್ತಾ ಇದೀಯಾ ಪುಟ್ಟಾ?” ಎಂದರು. ಕೀರ್ತನಾ ನಕ್ಕಳು. ನಾನೂ ನಕ್ಕೆ. ನಗುವಿನಲ್ಲೇ ಟೈಮ್ ಮುಗಿಯಿತು. ಎದ್ದು ಬಂದೆ.

ಶುಕ್ರವಾರ ಮಧ್ಯಾಹ್ನ ಮತ್ತೆ ಕರೆದಿದ್ದಾರೆ. ಆವತ್ತೂ ನಿಜ ಬಾಯಿಗೆ ಬರದಿದ್ದರೆ ನಾನು ಇನ್ನು ಆ ರೂಮಿಗೂ ಹೋಗುವುದಿಲ್ಲ, ಕಾಲೇಜಿಗೂ ಹೋಗುವುದಿಲ್ಲ. ನನ್ನ ಬುದ್ಧಿ ನನಗೆ ಗೊತ್ತು.

ಅಪ್ಪನಿಗೆ ಕಾಫಿ ಕುಡಿದ ಮೇಲೆ ನಿಧಾನವಾಗಿ ಹೇಳು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ. ಈ ಸಲ ಸ್ವಲ್ಪ ಜಾಸ್ತಿಯೇ ಇರಲಿ.

ನಿನ್ನ
ಧನ್ಯಶ್ರೀ

ತಾ.ಕ.: ನನ್ನನ್ನು ಆರನೇ ಕ್ಲಾಸಿಗೆ ಹಾಸ್ಟೆಲ್ಲಿನಲ್ಲಿ ಬಿಟ್ಟುಹೋದ ದಿನ ಉಳಿದ ಮಕ್ಕಳೆಲ್ಲ ಗೇಟು ಹಿಡಿದು ಅಳುತ್ತಿದ್ದರು. ನೀನು ಪಕ್ಕದಲ್ಲಿದ್ದವರಿಗೆ, “ನಮ್ ಧನ್ಯಾ ಗಟ್ಟಿಗಿತ್ತಿ ಕಣ್ರೀ, ಅಳೋದೇ ಇಲ್ಲ,” ಅಂದೆ. ಎಷ್ಟು ಹೆಮ್ಮೆ ಇತ್ತಮ್ಮ ನಿನ್ನ ಮುಖದಲ್ಲಿ! ಅದು ಹೋಗಿಬಿಟ್ಟರೆ ಎಂದು ಅವತ್ತಿನಿಂದ ನಾನು ನಿನ್ನ ಎದುರಿಗೆ ಅತ್ತೇ ಇಲ್ಲ. ಶುಕ್ರವಾರ ಬರುತ್ತೀಯಾ? ಏನೂ ಮಾತಾಡುವುದು ಬೇಡ, ಪಕ್ಕದಲ್ಲಿ ಕೂತಿರು. ನಾನು ಅಳುವುದಕ್ಕೆ ಶುರು ಮಾಡಿದರೆ ಸಮಾಧಾನ ಮಾಡಬೇಡ.